‘ಆಪರೇಷನ್ ಆಯ್ತಾ?’ ಅನ್ನುವವರಿಗೆ ಏನು ಹೇಳಬೇಕು: ಟ್ರಾನ್ಸ್ ಪುರುಷರ ಮನೆಯವರಿಗೆ ಒಂದಿಷ್ಟು ಮಾಹಿತಿ

ಇದು ಮನೆಯವರಿಗಾಗಿ ಬರೆದದ್ದು. ಅಮ್ಮ, ಅಕ್ಕ, ಅಣ್ಣ, ಗೆಳತಿ, ರೂಮ್‌ಮೇಟ್, ಯಾರೇ ಇರಲಿ, ಆಸ್ಪತ್ರೆಯ ಫಾರ್ಮ್‌ನಲ್ಲಿ ‘ಜೊತೆಗಿರುವವರು’ ಅನ್ನುವ ಜಾಗದಲ್ಲಿ ಯಾರ ಹೆಸರು ಬರುತ್ತದೋ ಅವರಿಗಾಗಿ. ನಮ್ಮೂರು ಕುಂದಾಪುರದ ಹತ್ತಿರ, ಬೆಳೆದದ್ದು ಇಲ್ಲೇ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ. ನನ್ನ ತಮ್ಮ ಟ್ರಾನ್ಸ್ ಪುರುಷ. ಅಂದರೆ ಹುಟ್ಟಿದಾಗ ಹೆಣ್ಣು ಅಂತ ಬರೆಸಿದ್ದರು, ಅವನು ಗಂಡು. ಅವನ ಎದೆಯ ಸರ್ಜರಿಗೆ ಜೊತೆಗೆ ಹೋದವಳು ನಾನು. ಗಾಯದ ನೋವಿಗೆ ಮಾತ್ರೆ ಇತ್ತು, ಜನರ ಮಾತಿಗೆ ಇರಲಿಲ್ಲ. ಆ ಮಾತುಗಳಲ್ಲಿ ಹೆಚ್ಚಿನವು ಕೆಟ್ಟ ಮನಸ್ಸಿನಿಂದ ಬಂದವಲ್ಲ, ಗೊತ್ತಿಲ್ಲದೆ ಬಂದವು. ತೊಂದರೆ ಏನಂದರೆ ಗೊತ್ತಿಲ್ಲದ್ದನ್ನೆಲ್ಲ ಎಲ್ಲರೂ ಅವನನ್ನೇ ಕೇಳುತ್ತಾರೆ, ಅದೂ ಊಟಕ್ಕೆ ಕೂತಾಗ, ಮದುವೆ ಮನೆಯಲ್ಲಿ, ದಾದರ್ ಸ್ಟೇಷನ್ನಿನ ಸೇತುವೆ ಮೇಲೆ. ಉತ್ತರ ಹೇಳುವ ಕೆಲಸವನ್ನು ನೀವು ವಹಿಸಿಕೊಳ್ಳಿ. ಅದಕ್ಕೆ ಬೇಕಾದ ಸರಕು ಕೆಳಗಿದೆ. ನಾನು ಡಾಕ್ಟರ್ ಅಲ್ಲ, ಔಷಧಿ ಮತ್ತು ಸರ್ಜರಿಯ ತೀರ್ಮಾನ ಡಾಕ್ಟರ್ ಹತ್ತಿರವೇ ಆಗಬೇಕು.

ಮೊದಲು ನೀವು ಓದಿಕೊಳ್ಳಿ

ನಮ್ಮ ಜನಕ್ಕೆ ಟ್ರಾನ್ಸ್ ಅಂದ ಕೂಡಲೇ ನೆನಪಾಗುವುದು ಮಂಗಳಮುಖಿಯರು, ಸವದತ್ತಿಯ ಜೋಗಪ್ಪಂದಿರು. ಮಂಜಮ್ಮ ಜೋಗತಿ ಅವರು ಜಾನಪದ ಅಕಾಡೆಮಿ ಅಧ್ಯಕ್ಷರಾಗಿದ್ದು, 2021ರಲ್ಲಿ ಪದ್ಮಶ್ರೀ ತಗೊಂಡಿದ್ದು ಎಲ್ಲರಿಗೂ ಗೊತ್ತು. ಆದರೆ ಟ್ರಾನ್ಸ್ ಪುರುಷರು ಕಣ್ಣಿಗೆ ಬೀಳುವುದೇ ಇಲ್ಲ. ಟೆಸ್ಟೋಸ್ಟೆರಾನ್ ಅನ್ನುವ ಗಂಡು ಹಾರ್ಮೋನ್ ಶುರುವಾಗಿ ಒಂದೆರಡು ವರ್ಷ ಕಳೆದರೆ ಲೋಕಲ್ ರೈಲಿನಲ್ಲಿ ಪಕ್ಕ ನಿಂತವನಿಗೂ ಗೊತ್ತಾಗುವುದಿಲ್ಲ. ಅದಕ್ಕೆ ಮೊದಲು ಅವರು ಮನೆಯ ಮಗಳಾಗಿ ಬೀಗದ ಒಳಗೇ ಇರುತ್ತಾರೆ. ಹಾಗಾಗಿ ‘ಹೀಗೂ ಉಂಟಾ’ ಅಂತ ನಿಮ್ಮ ಚಿಕ್ಕಪ್ಪ ಕೇಳಿದರೆ ಸಿಟ್ಟು ಮಾಡಿಕೊಳ್ಳಬೇಡಿ. ಅವರು ನಿಜಕ್ಕೂ ನೋಡಿಲ್ಲ.

ಎರಡನೆಯದು, ‘ಆಪರೇಷನ್’ ಅಂತ ಒಂದೇ ಒಂದು ಇಲ್ಲ. ಜನ ಒಂದು ದಿನ ಒಳಗೆ ಹೋಗಿ ಇನ್ನೊಂದು ದಿನ ಬೇರೆಯವರಾಗಿ ಹೊರಗೆ ಬರುತ್ತಾರೆ ಅಂದುಕೊಂಡಿದ್ದಾರೆ. ಇರುವುದು ಬೇರೆಬೇರೆ ಸರ್ಜರಿಗಳು, ಯಾವುದು ಬೇಕು, ಯಾವುದು ಬೇಡ, ಎಷ್ಟು ವರ್ಷ ಬಿಟ್ಟು, ಎಲ್ಲ ಆ ಮನುಷ್ಯನಿಗೆ ಬಿಟ್ಟದ್ದು.

ಹೆಚ್ಚು ಜನ ಮಾಡಿಸುವುದು ಎದೆಯ ಸರ್ಜರಿ. ಸ್ತನದ ಅಂಗಾಂಶ ತೆಗೆದು ಎದೆಯನ್ನು ಚಪ್ಪಟೆ ಮಾಡುವುದು. ಎದೆ ಚಿಕ್ಕದಿದ್ದರೆ ಮೊಲೆತೊಟ್ಟಿನ ಸುತ್ತ ಮಾತ್ರ ಕೊಯ್ದು ಮುಗಿಸಬಹುದು. ದೊಡ್ಡದಿದ್ದರೆ ಎದೆಯ ಕೆಳಗೆ ಎರಡು ಉದ್ದ ಗೀರು ಬರುತ್ತದೆ, ತೊಟ್ಟನ್ನು ತೆಗೆದು ಚಿಕ್ಕದು ಮಾಡಿ ಮತ್ತೆ ಕಸಿ ಹಾಕುತ್ತಾರೆ. ಗೀರಿನ ಗುರುತು ಉಳಿಯುತ್ತದೆ, ವರ್ಷ ಕಳೆದ ಹಾಗೆ ಮಾಸುತ್ತದೆ. ತೊಟ್ಟಿನ ಸ್ಪರ್ಶಜ್ಞಾನ ಕಡಿಮೆ ಆಗಬಹುದು, ಪೂರ್ತಿ ಹೋಗಲೂಬಹುದು. ಇದನ್ನು ಮೊದಲೇ ತಿಳಿದುಕೊಂಡು ಹೋಗುವುದು ಒಳ್ಳೆಯದು.

ಇನ್ನೊಂದು ಗರ್ಭಕೋಶ, ಕೆಲವೊಮ್ಮೆ ಜೊತೆಗೆ ಅಂಡಾಶಯ ತೆಗೆಸುವುದು. ಇದನ್ನು ಕೇಳಿ ಹೌಹಾರುವ ಮನೆಯಲ್ಲೇ ಗರ್ಭಕೋಶ ತೆಗೆಸಿದ ಅತ್ತೆಯೋ ದೊಡ್ಡಮ್ಮನೋ ಒಬ್ಬರಾದರೂ ಇರುತ್ತಾರೆ. ಅದೇ ಸರ್ಜರಿ. ನಮ್ಮ ಮಹಾರಾಷ್ಟ್ರದಲ್ಲೇ, ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಣ್ಣುಮಕ್ಕಳು ಚಿಕ್ಕ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಂಡದ್ದು 2019ರಲ್ಲಿ ದೊಡ್ಡ ಸುದ್ದಿಯಾಯಿತು. ಎಷ್ಟೋ ವರ್ಷ ಯಾರೂ ಕೇಳಿರಲಿಲ್ಲ. ಪ್ರಾಯಕ್ಕೆ ಬಂದ ಒಬ್ಬ ಯೋಚಿಸಿ, ಡಾಕ್ಟರ್ ಜೊತೆ ಮಾತಾಡಿ, ತಾನೇ ಸಹಿ ಹಾಕಿ ಮಾಡಿಸಿದರೆ ಮಾತ್ರ ಇಡೀ ಬಿಲ್ಡಿಂಗಿಗೆ ಚಿಂತೆ. ಇರಲಿ. ಅಂಡಾಶಯ ಎರಡೂ ತೆಗೆಸಿದರೆ ಆಮೇಲೆ ಸ್ವಂತ ಮಗು ಆಗುವುದಿಲ್ಲ, ಅಂಡಾಣು ಮೊದಲೇ ಫ್ರೀಜ್ ಮಾಡಿಡುವ ದಾರಿ ಇದೆ, ಅದನ್ನು ಸರ್ಜರಿಗೆ ಮೊದಲೇ ಕೇಳಬೇಕು. ಆಮೇಲೆ ಮೂಳೆ ಗಟ್ಟಿ ಇರಬೇಕಾದರೆ ಹಾರ್ಮೋನನ್ನು ಸುಮ್ನೆ ಮಧ್ಯಕ್ಕೆ ನಿಲ್ಲಿಸುವ ಹಾಗಿಲ್ಲ.

ಮೂರನೆಯದು ಕೆಳಗಿನ ಸರ್ಜರಿ. ಎಲ್ಲರಿಗೂ ಕುತೂಹಲ ಇರುವುದು ಇದರ ಮೇಲೆ, ಮಾಡಿಸುವವರು ಕಡಿಮೆ. ಟೆಸ್ಟೋಸ್ಟೆರಾನ್‌ನಿಂದ ಬೆಳೆದ ಭಾಗವನ್ನೇ ಬಳಸಿಕೊಳ್ಳುವ ಮೆಟೊಯ್ಡಿಯೋಪ್ಲಾಸ್ಟಿ ಒಂದು. ಮುಂಗೈಯಿಂದಲೋ ತೊಡೆಯಿಂದಲೋ ಚರ್ಮ ತೆಗೆದು ಶಿಶ್ನ ರಚಿಸುವ ಫ್ಯಾಲೋಪ್ಲಾಸ್ಟಿ ಇನ್ನೊಂದು. ಎರಡನೆಯದು ಒಂದೇ ಸಲಕ್ಕೆ ಮುಗಿಯುವುದಿಲ್ಲ, ಹಂತಹಂತವಾಗಿ ನಡೆಯುತ್ತದೆ. ಮೂತ್ರನಾಳ ಉದ್ದ ಮಾಡಿದರೆ ಸೋರಿಕೆ, ನಾಳ ಕಿರಿದಾಗುವುದು ಇಂಥ ತೊಂದರೆಗಳು ಅಪರೂಪವೇನಲ್ಲ. ಖರ್ಚು, ಸಮಯ, ಅಪಾಯ ಎಲ್ಲ ನೋಡಿ ಬಹಳ ಜನ ಬೇಡ ಅಂತ ಬಿಡುತ್ತಾರೆ. ಬಿಟ್ಟರೆ ಅವರು ಅರ್ಧ ಗಂಡಸರಾಗುವುದಿಲ್ಲ.

ದನಿ, ಗಡ್ಡ, ಇವು ಯಾವುದೂ ಸರ್ಜರಿಯಿಂದ ಬರುವುದಲ್ಲ. ಅದು ಟೆಸ್ಟೋಸ್ಟೆರಾನ್ ಕೆಲಸ. ಕೆಲವು ತಿಂಗಳಲ್ಲಿ ದನಿ ಒಡೆಯುತ್ತದೆ, ಹೆಚ್ಚಿನವರಿಗೆ ಆರು ತಿಂಗಳ ಒಳಗೆ ಮುಟ್ಟು ನಿಲ್ಲುತ್ತದೆ, ಗಡ್ಡ ತುಂಬಲು ವರ್ಷಗಳು ಬೇಕು. ಎದೆ ಮಾತ್ರ ಹಾರ್ಮೋನಿಂದ ಕರಗುವುದಿಲ್ಲ. ಅದಕ್ಕೇ ಎದೆಯ ಸರ್ಜರಿ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಮುಟ್ಟು ನಿಂತಿತು ಅಂತ ಗರ್ಭ ನಿಲ್ಲುವುದಿಲ್ಲ ಅಂದುಕೊಳ್ಳಬೇಡಿ. ಟೆಸ್ಟೋಸ್ಟೆರಾನ್ ಗರ್ಭನಿರೋಧಕ ಅಲ್ಲ.

ಮಾತಿಗೆ ಮಾತು

ಇನ್ನು ಜನ ಹೇಳುವ ಮಾತುಗಳು. ನಮ್ಮ ಮನೆಗೆ ಬಂದವು, ಗೆಳೆಯರ ಮನೆಗೆ ಬಂದವು, ನಿಮ್ಮ ಮನೆಗೂ ಬರುತ್ತವೆ.

‘ಇದೆಲ್ಲ ಈಗಿನ ಫ್ಯಾಷನ್, ಇಂಟರ್ನೆಟ್ ನೋಡಿ ಕಲಿತದ್ದು.’ ಇದಕ್ಕೆ ನಾನು ಮೈಕಲ್ ಡಿಲ್ಲನ್ ಕಥೆ ಹೇಳುತ್ತೇನೆ. ಇಂಗ್ಲೆಂಡಿನವನು, 1915ರಲ್ಲಿ ಹುಟ್ಟಿದವನು. ಎದೆಯ ಸರ್ಜರಿ ಮಾಡಿಸಿಕೊಂಡದ್ದು 1942ರಲ್ಲಿ, ಯುದ್ಧ ನಡೆಯುತ್ತಿದ್ದಾಗ. ಕೆಳಗಿನ ಸರ್ಜರಿಗಳನ್ನು 1946ರಿಂದ 1949ರವರೆಗೆ ಮಾಡಿದವರು ಸರ್ ಹೆರಾಲ್ಡ್ ಗಿಲೀಸ್, ಮೊದಲ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸೈನಿಕರಿಗೆ ಹೊಸ ಮುಖ ಕಟ್ಟಿಕೊಟ್ಟ ಪ್ಲಾಸ್ಟಿಕ್ ಸರ್ಜನ್. ಸೈನಿಕರಿಗಾಗಿ ಬೆಳೆಸಿದ ಚರ್ಮ ಕಸಿಯ ವಿದ್ಯೆಯನ್ನೇ ಇವನಿಗೂ ಬಳಸಿದರು. ಡಿಲ್ಲನ್ ತಾನೂ ಓದಿ ಡಾಕ್ಟರಾದ, ಹಡಗಿನಲ್ಲಿ ಕೆಲಸ ಮಾಡಿದ. 1958ರಲ್ಲಿ ಪತ್ರಿಕೆಗಳು ಅವನ ಹಿಂದಿನ ಕಥೆ ಕೆದಕಿ ಮುಖಪುಟಕ್ಕೆ ಹಾಕಿದವು. ಅವನು ಎಲ್ಲ ಬಿಟ್ಟು ನಮ್ಮ ದೇಶಕ್ಕೆ ಬಂದ, ಬೌದ್ಧ ಸನ್ಯಾಸಿಗಳ ಜೊತೆ ಸಾರನಾಥದಲ್ಲಿ, ಲಡಾಖ್‌ನಲ್ಲಿ ಇದ್ದ, 1962ರಲ್ಲಿ ಡಾಲ್‌ಹೌಸಿಯಲ್ಲಿ ತೀರಿಹೋದ. ಅಷ್ಟೆಲ್ಲ ಸರ್ಜರಿ ತಡೆದುಕೊಂಡವನು ಊರು ಬಿಟ್ಟದ್ದು ಜನರ ಬಾಯಿಗೆ ಹೆದರಿ. ಈ ಕಥೆ ಕೇಳಿದ ಮೇಲೆ ನಮ್ಮ ಮಾವ ಇಂಟರ್ನೆಟ್ ಸುದ್ದಿ ಎತ್ತಲಿಲ್ಲ.

‘ತಲೆ ಸರಿ ಇಲ್ಲ, ಸೈಕಿಯಾಟ್ರಿಸ್ಟ್ ಹತ್ತಿರ ಕರ್ಕೊಂಡು ಹೋಗಿ, ಸರಿ ಮಾಡಿಸಿ.’ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ, 2022ರ ಜನವರಿಯಿಂದ ಜಾರಿಗೆ ಬಂದ ಐಸಿಡಿ-11 ಅನ್ನುವ ರೋಗಗಳ ಪಟ್ಟಿಯಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಸೇರಿಸಿದ್ದಾರೆ. ಇನ್ನು ‘ಸರಿ ಮಾಡುವ’ ಚಿಕಿತ್ಸೆ. ಮದ್ರಾಸ್ ಹೈಕೋರ್ಟಿನ 2021ರ ತೀರ್ಪಿನ ನಂತರ, 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ವೃತ್ತಿ ದುರ್ನಡತೆ ಅಂತ ಹೇಳಿದೆ. ಅಂದರೆ ಯಾವ ಡಾಕ್ಟರ್ ‘ಆರು ಸಿಟ್ಟಿಂಗ್‌ನಲ್ಲಿ ಹೆಣ್ಣು ಮಾಡಿಕೊಡ್ತೀನಿ’ ಅನ್ನುತ್ತಾನೋ ಅವನ ಮೇಲೆಯೇ ದೂರು ಕೊಡಬಹುದು. ಸೈಕಿಯಾಟ್ರಿಸ್ಟ್ ಬೇಡ ಅಂತಲ್ಲ. ಸರ್ಜರಿಗೆ ಅವರ ಪತ್ರ ಬೇಕಾಗುತ್ತದೆ, ಮನಸ್ಸು ಹಗುರ ಮಾಡಿಕೊಳ್ಳಲೂ ಅವರು ಬೇಕಾಗುತ್ತಾರೆ.

‘ನಾಳೆ ಪಶ್ಚಾತ್ತಾಪ ಆದರೆ?’ ಅಮ್ಮಂದಿರ ಪ್ರಶ್ನೆ ಇದು, ಇದಕ್ಕೆ ಸಿಡುಕಬೇಡಿ. 2021ರಲ್ಲಿ ಪ್ರಕಟವಾದ ಒಂದು ವಿಮರ್ಶೆಯಲ್ಲಿ 27 ಅಧ್ಯಯನಗಳನ್ನು, ಸುಮಾರು 7,900 ಜನರ ಮಾಹಿತಿಯನ್ನು ಒಟ್ಟಿಗೆ ನೋಡಿದ್ದರು. ಪಶ್ಚಾತ್ತಾಪ ಪಟ್ಟವರು ಹೆಚ್ಚುಕಡಿಮೆ ಶೇಕಡಾ 1. ಆ ಅಧ್ಯಯನಗಳಲ್ಲಿ ಕೆಲವು ಜನರನ್ನು ಬಹಳ ವರ್ಷ ಹಿಂಬಾಲಿಸಿ ನೋಡಿಲ್ಲ, ಅದನ್ನೂ ಹೇಳಬೇಕು. ಆದರೂ ಊರಲ್ಲಿ ಹೇಳುವ ಹಾಗೆ ‘ಎಲ್ಲರೂ ಆಮೇಲೆ ಅಳುತ್ತಾರೆ’ ಅನ್ನುವುದಕ್ಕೆ ಆಧಾರ ಇಲ್ಲ.

‘ಒಳ್ಳೆಯ ಮೈಯನ್ನು ಯಾಕೆ ಕೊಯ್ಸಬೇಕು?’ ಜಿಮ್‌ಗೆ ಹೋಗುವ ಹುಡುಗನಿಗೆ ಎದೆ ಉಬ್ಬಿದ್ದರೆ, ಗೈನೆಕೋಮಾಸ್ಟಿಯಾ ಅಂತ ಹೆಸರು, ಅದೇ ಪ್ಲಾಸ್ಟಿಕ್ ಸರ್ಜನ್ ಅದೇ ಥಿಯೇಟರಿನಲ್ಲಿ ತೆಗೆಯುತ್ತಾನೆ. ಮನೆಯವರು ‘ಪಾಪ, ಶರ್ಟ್ ಬಿಚ್ಚಲು ನಾಚಿಕೆ ಪಡ್ತಿದ್ದ’ ಅನ್ನುತ್ತಾರೆ. ನನ್ನ ತಮ್ಮ ವರ್ಷಗಟ್ಟಲೆ ಬೈಂಡರ್, ಅಂದರೆ ಎದೆಯನ್ನು ಬಿಗಿದು ಚಪ್ಪಟೆ ಕಾಣಿಸುವ ಬನಿಯನ್, ಕಟ್ಟಿಕೊಂಡು ಮುಂಬಯಿಯ ಮೇ ತಿಂಗಳಲ್ಲಿ ಠಾಣೆಯಿಂದ ಸಿಎಸ್‌ಎಂಟಿವರೆಗೆ ಲೋಕಲ್ ರೈಲಿನಲ್ಲಿ ನಿಂತುಕೊಂಡು ಹೋಗಿದ್ದಾನೆ. ಎಂಟು ಗಂಟೆಗಿಂತ ಜಾಸ್ತಿ ಕಟ್ಟಬಾರದು ಅನ್ನುತ್ತಾರೆ. ಡ್ಯೂಟಿ ಒಂಬತ್ತು ಗಂಟೆ, ಹೋಗಿ ಬರಲು ಮೂರು. ಸಂಜೆ ಬಿಚ್ಚಿದಾಗ ಪಕ್ಕೆಯ ಉದ್ದಕ್ಕೂ ಬೆವರುಗುಳ್ಳೆ, ಅಂಚು ಕೂತ ಕಡೆ ಕೆಂಪು ಗೆರೆ. ಆ ಮೈ ‘ಒಳ್ಳೆಯದಾಗಿ’ ಇತ್ತು ಅಂತ ಹೇಳುವವರು ಅದನ್ನು ನೋಡಿಲ್ಲ. ಬೈಂಡರ್ ಬದಲು ಕ್ರೇಪ್ ಬ್ಯಾಂಡೇಜ್, ಪ್ಯಾಕಿಂಗ್ ಟೇಪ್ ಸುತ್ತಿಕೊಳ್ಳುವ ಹುಡುಗರೂ ಇದ್ದಾರೆ. ಅದು ಉಸಿರು ಹಿಡಿಸುತ್ತದೆ, ಪಕ್ಕೆಲುಬಿಗೆ ಪೆಟ್ಟು ಮಾಡುತ್ತದೆ, ನೋಡಿದರೆ ತಕ್ಷಣ ಬಿಡಿಸಿ.

‘ಹುಡುಗಿಯರು ಇಷ್ಟ ಅಂದರೆ ಹಾಗೇ ಇರಬಹುದಲ್ವಾ, ಗಂಡಾಗೋದು ಯಾಕೆ?’ ಯಾರು ಇಷ್ಟ ಅನ್ನುವುದು ಬೇರೆ, ನಾನು ಯಾರು ಅನ್ನುವುದು ಬೇರೆ. ಗಂಡಸರನ್ನು ಪ್ರೀತಿಸುವ ಟ್ರಾನ್ಸ್ ಪುರುಷರೂ ಇದ್ದಾರೆ. ಇಷ್ಟು ಸಾಕು.

‘ಟಿವಿಯಲ್ಲಿ ಬಂದಿದ್ದನಲ್ಲ, ಆ ಪೊಲೀಸ್?’ ಮಹಾರಾಷ್ಟ್ರದಲ್ಲಿ ಇದು ಬಂದೇ ಬರುತ್ತದೆ. ಬೀಡ್‌ನ ಕಾನ್‌ಸ್ಟೇಬಲ್ ಲಲಿತ್ ಸಾಳ್ವೆ ರಜೆಗಾಗಿ ಕೋರ್ಟಿನ ಬಾಗಿಲು ತಟ್ಟಬೇಕಾಯಿತು. ಕೊನೆಗೆ 2018ರಲ್ಲಿ ಮುಂಬಯಿಯ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ಸರ್ಜರಿ ಆಯಿತು, ಕೆಲಸವೂ ಉಳಿಯಿತು. ಆ ಸುದ್ದಿಯಿಂದ ಎಷ್ಟೋ ಮನೆಗಳಲ್ಲಿ ಮೊದಲ ಸಲ ಈ ಮಾತು ಬಂತು, ಅದು ದೊಡ್ಡ ಉಪಕಾರ. ಆದರೆ ಅವರ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಗಂಡಸರಲ್ಲಿ ಇರುವ ವೈ ಕ್ರೋಮೋಸೋಮ್ ಕಂಡಿದೆ ಅಂತ ಆಗ ವರದಿಯಾಗಿತ್ತು. ಹಾಗಾಗಿ ಜನ ಈಗ ‘ನಿನಗೂ ಟೆಸ್ಟ್ ಮಾಡಿಸಿದ್ಯಾ, ಅದರಲ್ಲಿ ಬಂತಾ’ ಅಂತ ಕೇಳುತ್ತಾರೆ. ಹೆಚ್ಚಿನ ಟ್ರಾನ್ಸ್ ಪುರುಷರ ರಕ್ತ ಪರೀಕ್ಷೆಯಲ್ಲಿ ಅಂಥದ್ದೇನೂ ಕಾಣುವುದಿಲ್ಲ. ಕಾಣಬೇಕು ಅಂತ ನಿಯಮವೂ ಇಲ್ಲ.

‘ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತೆ.’ ಇದಕ್ಕೆ ಉತ್ತರ ಬೇಡ, ಅಡ್ಡ ನಿಲ್ಲಬೇಕು. ಹುಡುಗನ ಕಡೆಯವರು ನೋಡಲು ಬರುವ ಮೊದಲೇ ನಿಲ್ಲಿಸಿ. ಇದರಲ್ಲಿ ಇನ್ನೊಂದು ಮನೆಯ ಹುಡುಗನ ಬಾಳೂ ಹಾಳಾಗುತ್ತದೆ ಅಂತ ಹೇಳಿದರೆ ಹಿರಿಯರಿಗೆ ಬೇಗ ತಟ್ಟುತ್ತದೆ. ‘ಹಾಗಾದರೆ ಇವನಿಗೆ ಮದುವೆಯೇ ಇಲ್ವಾ’ ಅಂದರೆ ಇದೆ ಅನ್ನಿ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಸಲಿಂಗ ಮದುವೆಗೆ ಒಪ್ಪಿಗೆ ಕೊಡಲಿಲ್ಲ. ಆದರೆ ಟ್ರಾನ್ಸ್ ಪುರುಷ ಹೆಣ್ಣನ್ನು ಮದುವೆಯಾಗಲು ಈಗಿರುವ ಕಾನೂನಿನಲ್ಲೇ ಅವಕಾಶ ಇದೆ ಅಂತ ಅದೇ ತೀರ್ಪಿನಲ್ಲಿ ಹೇಳಿದೆ.

ಕೊನೆಗೆ ‘ಆಪರೇಷನ್ ಆಯ್ತಾ?’ ಕೇಳುವವರಿಗೆ ನಾನು ‘ನಿಮ್ಮ ಮೂಲವ್ಯಾಧಿ ಆಪರೇಷನ್ ಆಯ್ತಾ ಅಂಕಲ್’ ಅಂತ ಒಮ್ಮೆ ಕೇಳಿದ್ದೆ. ಎಲ್ಲರಿಗೂ ಇದು ಸೂಕ್ತ ಅಂತ ಹೇಳಲಾರೆ. ಸೌಮ್ಯವಾಗಿ ‘ಅದು ಅವನ ಮೈ ವಿಷಯ, ಬೇಕಾದರೆ ಅವನೇ ಹೇಳ್ತಾನೆ’ ಅಂದರೂ ಕೆಲಸ ಆಗುತ್ತದೆ.

ಡಾಕ್ಟರ್ ಹುಡುಕುವಾಗ

ಮುಂಬಯಿ, ಪುಣೆಯಲ್ಲಿ ಪ್ಲಾಸ್ಟಿಕ್ ಸರ್ಜನ್‌ಗಳಿಗೆ ಬರ ಇಲ್ಲ. ಟ್ರಾನ್ಸ್ ಪುರುಷರ ಎದೆ ಮಾಡಿ ಕೈ ಪಳಗಿದವರು ಕಡಿಮೆ. ಗೋವಾದಲ್ಲಿ ಇರುವವರು, ವಾಸ್ಕೋ ಕಡೆ ನಮ್ಮ ಜನ ಬಹಳ ಇದ್ದಾರಲ್ಲ, ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನಲ್ಲಿ ವಿಚಾರಿಸಿ ನೋಡಬಹುದು. ಮುಂಬಯಿಯಲ್ಲಿ 1994ರಿಂದ ಕೆಲಸ ಮಾಡುತ್ತಿರುವ ಹಮ್‌ಸಫರ್ ಟ್ರಸ್ಟ್‌ನಂಥ ಕಡೆ ಕೇಳಿದರೆ ಮಾಡಿಸಿಕೊಂಡವರ ಅನುಭವ ತಿಳಿಯುತ್ತದೆ. ಹೋಗುವ ಮೊದಲು ಫೋನ್ ಮಾಡಿ. ಪುಣೆ ಮತ್ತು ಕಲ್ಯಾಣದಲ್ಲಿ ಟ್ರಾನ್ಸ್ ಜನರಿಗಾಗಿಯೇ ಇದ್ದ ಮಿತ್ರ್ ಕ್ಲಿನಿಕ್‌ಗಳು 2025ರಲ್ಲಿ ಅಮೆರಿಕದ ನೆರವು ನಿಂತಾಗ ಬಾಗಿಲು ಹಾಕಿದವು. ಹಳೆಯ ಪಟ್ಟಿಗಳಲ್ಲಿ ಆ ವಿಳಾಸ ಇನ್ನೂ ಓಡಾಡುತ್ತಿದೆ.

ಸರ್ಜನ್ ಹತ್ತಿರ ಕೂತಾಗ ನಾಚಿಕೆ ಬಿಟ್ಟು ಕೇಳಿ. ಟ್ರಾನ್ಸ್ ಪುರುಷರ ಎದೆಯ ಸರ್ಜರಿ ಎಷ್ಟು ಮಾಡಿದ್ದೀರಿ, ಮುಖ ಕಾಣದ ಹಾಗೆ ಫೋಟೋ ತೋರಿಸ್ತೀರಾ, ವರ್ಷ ಕಳೆದ ಮೇಲಿನ ಫೋಟೋ ಇದೆಯಾ, ಇವನ ಮೈಗೆ ಯಾವ ವಿಧಾನ, ಯಾಕೆ, ಒಂದು ಪಕ್ಕ ಏರುಪೇರಾದರೆ ಸರಿಪಡಿಸುವ ಖರ್ಚು ಯಾರದು, ರಾತ್ರಿ ರಕ್ತ ಬಂದರೆ ಯಾರಿಗೆ ಫೋನ್ ಮಾಡಬೇಕು. ಕೊನೆಯ ಪ್ರಶ್ನೆಗೆ ‘ಹಾಗೇನೂ ಆಗಲ್ಲ ಬಿಡಿ’ ಅಂದವರನ್ನು ನಾವು ಬಿಟ್ಟೆವು. ಖರ್ಚಿನ ಅಂದಾಜು ಬರವಣಿಗೆಯಲ್ಲಿ ತಗೊಳ್ಳಿ, ಅರಿವಳಿಕೆ, ರೂಮ್, ಆಮೇಲೆ ಎದೆ ಬಿಗಿಹಿಡಿಯಲು ಹಾಕುವ ಕಂಪ್ರೆಷನ್ ವೆಸ್ಟ್ ಎಲ್ಲ ಸೇರಿಸಿ.

ಪತ್ರಗಳ ಬಗ್ಗೆ. ಟ್ರಾನ್ಸ್ ಆರೋಗ್ಯದ ಅಂತಾರಾಷ್ಟ್ರೀಯ ಸಂಘ ಡಬ್ಲ್ಯುಪಾತ್ 2022ರಲ್ಲಿ ಹೊರತಂದ ಎಂಟನೆಯ ಮಾರ್ಗಸೂಚಿ ಪ್ರಕಾರ ವಯಸ್ಕರಿಗೆ ಒಂದು ಪತ್ರ ಸಾಕು. ಎದೆಯ ಸರ್ಜರಿಗೆ ಹಾರ್ಮೋನ್ ಶುರು ಮಾಡಿರಲೇಬೇಕು ಅಂತಲೂ ಇಲ್ಲ. ಇಲ್ಲಿ ಕೆಲವು ಆಸ್ಪತ್ರೆಗಳು ಎರಡು ಪತ್ರ ಕೇಳುತ್ತವೆ, ಜೊತೆಗೆ ಅಪ್ಪ ಅಮ್ಮನ ಸಹಿ ಬೇಕು ಅನ್ನುತ್ತವೆ. 18 ದಾಟಿದವನ ಮೈಗೆ ಅವನದೇ ಸಹಿ ಸಾಕು. ಜೊತೆಗಿರುವವರು ಒಬ್ಬರು ಬೇಕು ಅಂದರೆ ಅದು ಬೇರೆ ವಿಷಯ, ಅದಕ್ಕೆ ನೀವಿದ್ದೀರಿ.

ಬೀಡಿ, ಸಿಗರೇಟು, ಗುಟ್ಕಾ, ಹಲ್ಲುಜ್ಜುವ ಮಿಶ್ರಿ, ಯಾವುದೇ ತಂಬಾಕು ಇದ್ದರೂ ಡಾಕ್ಟರಿಗೆ ನಿಜ ಹೇಳಿಸಿ. ನಿಕೋಟಿನ್ ರಕ್ತನಾಳ ಕಿರಿದಾಗಿಸುತ್ತದೆ, ಕಸಿ ಹಾಕಿದ ತೊಟ್ಟು ಹಿಡಿಯದೆ ಹೋಗಬಹುದು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಮೊದಲೇ ಬಿಡಲು ಹೇಳುತ್ತಾರೆ.

ಕಾಗದಪತ್ರ

2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ತನ್ನ ಲಿಂಗ ಯಾವುದು ಅಂತ ಹೇಳುವ ಹಕ್ಕು ಆ ವ್ಯಕ್ತಿಯದು, ಅದಕ್ಕೆ ಸರ್ಜರಿ ಆಗಿರಲೇಬೇಕು ಅಂತ ಹಠ ಹಿಡಿಯಬಾರದು ಅಂತ ಹೇಳಿತು. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಸ್ವಲ್ಪ ಬೇರೆ ದಾರಿ ಹಿಡಿಯಿತು. ಅದರ ಪ್ರಕಾರ ಮೊದಲು ಜಿಲ್ಲಾಧಿಕಾರಿಯಿಂದ ಟ್ರಾನ್ಸ್‌ಜೆಂಡರ್ ಅನ್ನುವ ಗುರುತಿನ ಪ್ರಮಾಣಪತ್ರ, ‘ಗಂಡು’ ಅಂತ ಬೇಕಾದರೆ ಆಮೇಲೆ ಆಸ್ಪತ್ರೆಯ ಪತ್ರದ ಜೊತೆ ಇನ್ನೊಂದು ಅರ್ಜಿ ಹಾಕಬೇಕಿತ್ತು. 2020ರ ನಿಯಮಗಳು ವೈದ್ಯಕೀಯ ಚಿಕಿತ್ಸೆ ಅಂದರೆ ಸರ್ಜರಿ ಒಂದೇ ಅಲ್ಲ, ಕೌನ್ಸೆಲಿಂಗ್, ಹಾರ್ಮೋನ್ ಕೂಡ ಸೇರುತ್ತದೆ ಅಂತ ಬಿಡಿಸಿ ಹೇಳಿದವು. ಈ ವಿಷಯದ ಕಾನೂನು ಒಂದು ಕಡೆ ಕೂತಿಲ್ಲ. ಅರ್ಜಿ ಹಾಕುವ ವಾರ ಯಾವುದು ಚಾಲ್ತಿಯಲ್ಲಿದೆ ಅಂತ ಗೊತ್ತಿರುವ ವಕೀಲರನ್ನು ಕೇಳಿಕೊಂಡೇ ಹಾಕಿ.

ನಮ್ಮಂಥವರಿಗೆ ಇನ್ನೊಂದು ತಲೆನೋವು ಇದೆ. ಜನನ ಪ್ರಮಾಣಪತ್ರ ಕರ್ನಾಟಕದ್ದು, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕರ್ನಾಟಕದ್ದು, ಆಧಾರ್, ರೇಷನ್ ಕಾರ್ಡ್ ಮಹಾರಾಷ್ಟ್ರದ್ದು. ಎಲ್ಲದರಲ್ಲೂ ಹೆಸರು ಒಂದೇ ಸ್ಪೆಲ್ಲಿಂಗ್‌ನಲ್ಲಿ ಇದೆಯಾ ಅಂತ ಮೊದಲು ನೋಡಿ. ಸರ್ಜರಿಗೆ ಅಡ್ಮಿಟ್ ಆಗುವಾಗ ಡಿಸ್ಚಾರ್ಜ್ ಸಮ್ಮರಿಯಲ್ಲಿ ಯಾವ ಹೆಸರು ಬರಬೇಕು ಅಂತ ಮೊದಲೇ ಮಾತಾಡಿ, ಆ ಕಾಗದ ಮುಂದೆ ಪ್ರತಿ ಕಚೇರಿಯಲ್ಲೂ ಬೇಕಾಗುತ್ತದೆ. ವಿಮೆ ಇದ್ದರೆ ಪಾಲಿಸಿ ಓದಿ. ಆಯುಷ್ಮಾನ್ ಭಾರತ್ ಅಡಿಯಲ್ಲಿ ಟ್ರಾನ್ಸ್‌ಜೆಂಡರ್ ಪ್ರಮಾಣಪತ್ರ ಇರುವವರಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಯೋಜನೆಯನ್ನು 2022ರಲ್ಲಿ ಘೋಷಿಸಿದ್ದಾರೆ. ನೀವು ಹೋಗುವ ಆಸ್ಪತ್ರೆ ಅದನ್ನು ತಗೊಳ್ಳುತ್ತದಾ ಅಂತ ಕೌಂಟರಿನಲ್ಲಿ ಕೇಳಿ, ಬರೆಸಿಕೊಳ್ಳಿ.

ಆಸ್ಪತ್ರೆಯಲ್ಲಿ, ಮನೆಯಲ್ಲಿ

ಯಾವ ವಾರ್ಡ್ ಅನ್ನುವುದನ್ನು ಅಡ್ಮಿಟ್ ದಿನಕ್ಕೆ ಬಿಡಬೇಡಿ. ಒಂದು ದಿನ ಮೊದಲೇ ನರ್ಸಿಂಗ್ ಇನ್‌ಚಾರ್ಜ್ ಹತ್ತಿರ ಮಾತಾಡಿ, ಫೈಲಿನ ಮೇಲೆ ಕರೆಯಬೇಕಾದ ಹೆಸರು ದೊಡ್ಡದಾಗಿ ಬರೆಸಿ. ನಾವು ಮೊದಲು ಹೋದ ಒಂದು ಕಡೆ ರಿಸೆಪ್ಷನ್‌ನಲ್ಲಿ ಹಳೆಯ ಹೆಸರನ್ನು ಮೂರು ಸಲ ಕೂಗಿದರು, ಗಡ್ಡ ಇರುವ ಹುಡುಗ ಎದ್ದಾಗ ಕೂತವರೆಲ್ಲ ತಿರುಗಿ ನೋಡಿದರು. ಅಂಥ ಕಡೆ ನೀವೇ ಎದ್ದು ಕೌಂಟರಿಗೆ ಹೋಗಿ, ಅವನು ಕೂತಿರಲಿ.

ಸರ್ಜರಿ ಆದ ಮೇಲೆ ಹೆಚ್ಚಿನ ಸರ್ಜನ್‌ಗಳು ಎರಡೂ ಪಕ್ಕ ಡ್ರೈನ್ ಇಡುತ್ತಾರೆ. ಸಣ್ಣ ಪ್ಲಾಸ್ಟಿಕ್ ನಳಿಕೆ, ತುದಿಯಲ್ಲಿ ನಿಂಬೆ ಗಾತ್ರಕ್ಕಿಂತ ಸ್ವಲ್ಪ ದೊಡ್ಡ ಬಲ್ಬು. ಮನೆಗೆ ಕಳಿಸುವಾಗ ಅದರ ಜೊತೆಗೇ ಕಳಿಸಬಹುದು. ಖಾಲಿ ಮಾಡುವುದು ಕಷ್ಟ ಇಲ್ಲ. ಕೈ ತೊಳೆದು, ಮುಚ್ಚಳ ತೆಗೆದು, ಅಳತೆ ಗ್ಲಾಸಿಗೆ ಬಗ್ಗಿಸಿ, ಬಲ್ಬನ್ನು ಹಿಂಡಿ ಹಿಡಿದುಕೊಂಡೇ ಮುಚ್ಚಳ ಹಾಕಬೇಕು. ಹಿಂಡದೆ ಮುಚ್ಚಿದರೆ ಎಳೆಯುವುದಿಲ್ಲ. ಎಡಕ್ಕೆ ಎಷ್ಟು ಎಂಎಲ್, ಬಲಕ್ಕೆ ಎಷ್ಟು, ಎಷ್ಟು ಗಂಟೆಗೆ, ಬಣ್ಣ ಏನು ಅಂತ ಬರೆಯಿರಿ. ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆದಿದ್ದೆ. ಕೆಂಪು ಹೋಗಿ ತಿಳಿ ಹಳದಿಗೆ ತಿರುಗುತ್ತದೆ, ಪ್ರಮಾಣ ಇಳಿಯುತ್ತದೆ, ಆಗ ತೆಗೆಯುತ್ತಾರೆ. ಒಂದೇ ಪಕ್ಕ ಇದ್ದಕ್ಕಿದ್ದ ಹಾಗೆ ಊದಿಕೊಂಡು ಬಿಗಿಯಾದರೆ, ಬಲ್ಬು ಬೇಗಬೇಗ ಕೆಂಪಾಗಿ ತುಂಬಿದರೆ, ಜ್ವರ ಬಂದರೆ, ಗಾಯ ವಾಸನೆ ಬಂದರೆ, ಕಾಲು ಊದಿ ಉಸಿರು ಸಿಕ್ಕಿಹಾಕಿಕೊಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಕಸಿ ಹಾಕಿದ ತೊಟ್ಟು ಮೊದಮೊದಲು ಕಪ್ಪಗೆ, ಹೊಪ್ಪಳೆ ಕಟ್ಟಿದ ಹಾಗೆ ಕಾಣುತ್ತದೆ. ಹಲವು ಸಲ ಅದು ಮೇಲಿನ ಪದರ ಮಾತ್ರ. ಫೋಟೋ ತೆಗೆದು ಡಾಕ್ಟರಿಗೆ ಕಳಿಸಿ, ಅತ್ತೆಗೆ ಅಲ್ಲ.

ಕೆಲವು ವಾರ ಕೈ ಮೇಲೆತ್ತುವ ಹಾಗಿಲ್ಲ. ಚಹಾಪುಡಿ, ಮಾತ್ರೆ, ಟವೆಲ್ ಎಲ್ಲ ಸೊಂಟದ ಮಟ್ಟಕ್ಕೆ ಇಳಿಸಿಡಿ. ಮುಂದೆ ಗುಂಡಿ ಇರುವ ಶರ್ಟ್ ಬೇಕು. ಮಲಗುವುದು ಅಂಗಾತ, ಬೆನ್ನಿಗೆ ದಿಂಬು ಎತ್ತರಿಸಿ. ಕಂಪ್ರೆಷನ್ ವೆಸ್ಟ್ ಹಾಕಿಕೊಂಡೇ ಇರಬೇಕು, ಇಲ್ಲಿನ ಸೆಕೆಯಲ್ಲಿ ಅದು ಶಿಕ್ಷೆಯೇ. ದಿನ ಆರಿಸಿಕೊಳ್ಳಲು ಆಗುವುದಾದರೆ ಡಿಸೆಂಬರ್, ಜನವರಿ ಕೇಳಿ. ಲೋಕಲ್ ರೈಲಿನ ನೂಕುನುಗ್ಗಲಿಗೆ ಡಾಕ್ಟರ್ ಹೂಂ ಅನ್ನುವವರೆಗೆ ಹೋಗಲೇಬಾರದು. ಟ್ಯಾಕ್ಸಿಯಲ್ಲಿ ಸೀಟ್ ಬೆಲ್ಟ್‌ಗೂ ಎದೆಗೂ ನಡುವೆ ಒಂದು ಚಿಕ್ಕ ದಿಂಬು ಇಟ್ಟುಕೊಳ್ಳಲಿ.

ಮೊದಲ ಒಂದೆರಡು ವಾರ ಅವನು ಸುಮ್ನೆ ಅಳಬಹುದು. ಅರಿವಳಿಕೆ, ನೋವು, ನಿದ್ದೆ ಇಲ್ಲದಿರುವುದು, ಸ್ನಾನ ಇಲ್ಲದಿರುವುದು ಎಲ್ಲ ಸೇರಿ ಹಾಗಾಗುತ್ತದೆ, ಯಾವ ದೊಡ್ಡ ಸರ್ಜರಿಯಾದವರಿಗೂ ಆಗುತ್ತದೆ. ಆಗ ‘ನಾನು ಮೊದಲೇ ಹೇಳಿದ್ದೆ’ ಅನ್ನುವವರನ್ನು ರೂಮಿಗೆ ಬಿಡಬೇಡಿ.

ನೆರೆಹೊರೆ, ಊರು

ಸೊಸೈಟಿಯಲ್ಲಿ ಏನು ಹೇಳಬೇಕು ಅನ್ನುವುದನ್ನು ಅವನನ್ನೇ ಕೇಳಿ, ಅವನು ಹೇಳಿದಷ್ಟೇ ಹೇಳಿ. ನಾವು ಹೇಳಿದ್ದು ಒಂದೇ ಸಾಲು: ‘ಒಂದು ಸರ್ಜರಿ ಆಗಿದೆ, ಆರಾಮಿದ್ದಾನೆ.’ ಆಮೇಲೆ ಮಾತು ತಿರುಗಿಸಿ ನೀರಿನ ಟ್ಯಾಂಕರ್ ಸುದ್ದಿ. ಕ್ಯಾನ್ಸರ್ ಅಂತ ಸುಳ್ಳು ಹೇಳಬೇಡಿ, ಮತ್ಸ್ಯಗಂಧ ರೈಲು ಹತ್ತಿ ಊರಿಂದ ಜನ ಬಂದುಬಿಡುತ್ತಾರೆ.

ಅಜ್ಜಿಯಂಥವರು ಹರಕೆ ಹೊರುತ್ತೇನೆ, ಊರಿನ ದೈವದ ಹತ್ತಿರ ಹೇಳಿಕೊಳ್ಳುತ್ತೇನೆ ಅಂದರೆ ತಡೆಯಬೇಡಿ. ಯಾವುದಕ್ಕೆ ಅನ್ನುವುದನ್ನು ಮಾತ್ರ ತಿದ್ದಿ. ‘ಇವನು ಹುಷಾರಾಗಿ ಮನೆಗೆ ಬರಲಿ’ ಅಂತ ಹೊರಲಿ. ನಮ್ಮಜ್ಜಿ ಹಾಗೇ ಮಾಡಿದರು, ಪ್ರಸಾದ ಕೊರಿಯರ್‌ನಲ್ಲಿ ಬಂತು. ಕರೆಯುವಾಗ ಹಿರಿಯರಿಗೆ ‘ಬಾರೇ’ ಬಾಯಲ್ಲಿ ಕೂತಿರುತ್ತದೆ, ‘ಬಾರೋ’ ತಕ್ಷಣ ಬರುವುದಿಲ್ಲ. ಅಲ್ಲಿಯವರೆಗೆ ‘ಬಾ ಮಗಾ’ ಅಂತ ಕರೆಯಲಿ. ಆದರೆ ಬೇಕಂತಲೇ ಚುಚ್ಚಲು ಹಳೆಯ ಹೆಸರು ಹಿಡಿದು ಕರೆಯುವವರಿಗೆ ಈ ರಿಯಾಯಿತಿ ಬೇಡ.

ಆಮೇಲಿನ ತಪಾಸಣೆ

ಇದನ್ನು ಯಾರೂ ನೆನಪಿಸುವುದಿಲ್ಲ. ಎದೆಯ ಸರ್ಜರಿ ಆದ ಮೇಲೂ ಸ್ವಲ್ಪ ಅಂಗಾಂಶ ಉಳಿದಿರುತ್ತದೆ, ಸ್ತನ ಕ್ಯಾನ್ಸರ್ ಅಪಾಯ ಬಹಳ ಕಡಿಮೆಯಾಗುತ್ತದೆ, ಸೊನ್ನೆ ಆಗುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಆ ಕ್ಯಾನ್ಸರ್ ಇದ್ದಿದ್ದರೆ ಸರ್ಜನ್‌ಗೆ ಮೊದಲೇ ಹೇಳಿ. ಗರ್ಭಕಂಠ ಇರುವವರೆಗೆ ಅದರ ಸ್ಕ್ರೀನಿಂಗ್ ಬೇಕು. ಟೆಸ್ಟೋಸ್ಟೆರಾನ್ ತಗೊಳ್ಳುವವರಿಗೆ ರಕ್ತ ಗಟ್ಟಿಯಾಗುತ್ತದಾ ಅಂತ ಆಗಾಗ ಪರೀಕ್ಷೆ ಮಾಡುತ್ತಾರೆ, ಅದನ್ನು ತಪ್ಪಿಸಬಾರದು. ಗಡ್ಡ ಬಿಟ್ಟ ಹುಡುಗ ಸ್ತ್ರೀರೋಗ ತಜ್ಞರ ಹೊರಗಿನ ಬೆಂಚಿನಲ್ಲಿ ಕೂರಲು ಹಿಂಜರಿದು ವರ್ಷಗಟ್ಟಲೆ ಮುಂದೂಡುತ್ತಾನೆ. ಬೆಳಿಗ್ಗೆಯ ಮೊದಲ ಅಪಾಯಿಂಟ್‌ಮೆಂಟ್ ನೀವು ಫೋನ್ ಮಾಡಿ ಕೇಳಿ, ಜೊತೆಗೆ ಹೋಗಿ. ನೋಡಿದವರು ಗಂಡ ಹೆಂಡತಿ ಅಂದುಕೊಂಡರೆ ಅಂದುಕೊಳ್ಳಲಿ.